ಬಿಸಿಯಾದ ಎಂಜಿನ್ನಿಗೆ ಮೊದಲ ಮದ್ದು ತಾಳ್ಮೆ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಒಂದು ದೂರು ಖಾಯಂ. ‘ನಮ್ಮ ಕಾರು ಪದೇ ಪದೇ ಬಿಸಿಯಾಗುತ್ತದೆ. ಮೆಕ್ಯಾನಿಕ್ ಒಂದೊಂದು ಸಲ ಒಂದೊಂದು ಭಾಗ ಬದಲಿಸುತ್ತಾನೆ. ಖರ್ಚಾಗುತ್ತಲೇ ಇದೆ, ಬಿಸಿ ಮಾತ್ರ ಹಾಗೆಯೇ ಇದೆ. ಏನು ಮಾಡಲಿ?’ ಉತ್ತರ ಹೇಳುವ ಮೊದಲು ನನ್ನ ಬಲಗೈ ಮೇಲಿರುವ ಒಂದು ಕಲೆಯ ಕಥೆ ಹೇಳಿಬಿಡುತ್ತೇನೆ.

1994ರ ಏಪ್ರಿಲ್ ತಿಂಗಳು. ಧರ್ಮಸ್ಥಳದಿಂದ ಮೂಡಿಗೆರೆ ಕಡೆಗೆ ಹಳೆಯ ಅಂಬಾಸಿಡರ್‌ನಲ್ಲಿ ಹೊರಟಿದ್ದೆವು. ಉಜಿರೆ ದಾಟುವಾಗಲೇ ಬಾನೆಟ್ ಒಳಗಿನಿಂದ ಕೀಚ್ ಕೀಚ್ ಎಂಬ ಸದ್ದು. ಅದಕ್ಕೆ ನಾನು ಮಾಡಿದ ಉಪಾಯವೆಂದರೆ ಟೇಪ್‌ರೆಕಾರ್ಡರಿನ ದನಿ ಏರಿಸಿದ್ದು! ಚಾರ್ಮಾಡಿ ಘಾಟಿ ಅರ್ಧ ಹತ್ತುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಗಾಡಿ ನಿಲ್ಲಿಸಿ ಇಳಿದವನೇ ಕೈಗೆ ಕರವಸ್ತ್ರ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಐದು ವರ್ಷದ ಮಗಳು ಏನೆಂದು ನೋಡಲು ಪಕ್ಕಕ್ಕೇ ಬಂದು ನಿಂತಿದ್ದಳು. ನನ್ನಾಕೆ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದದ್ದಕ್ಕೂ ಕುದಿನೀರು ಕಾರಂಜಿಯಂತೆ ಚಿಮ್ಮಿದ್ದಕ್ಕೂ ಒಂದು ಕ್ಷಣದ ಅಂತರವೂ ಇರಲಿಲ್ಲ. ನನ್ನ ಕೈ ಮೊಣಕೈವರೆಗೆ ಬೆಂದಿತು. ಮಗಳಿಗೆ ಏನೂ ಆಗಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಗಾಡಿ ನಿಲ್ಲಿಸಿ ಓಡಿ ಬಂದ. ತನ್ನ ಕ್ಯಾನಿನ ತಣ್ಣೀರನ್ನು ನನ್ನ ಕೈಮೇಲೆ ಹೊಯ್ಯುತ್ತಾ, ‘ಕುಕ್ಕರ್ ಕೂಗ್ತಿರೋವಾಗ ಮನೇಲಿ ಅಮ್ಮಾವ್ರು ಮುಚ್ಚಳ ತೆಗೀತಾರಾ ಸಾರ್?’ ಎಂದ. ಎಂಜಿನ್ ತಂಪಾಗಿಸುವ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ಸರಳ ಪಾಠ ನನಗೆ ಇಂದಿಗೂ ಸಿಕ್ಕಿಲ್ಲ.

ನಿಜಕ್ಕೂ ಅದು ಕುಕ್ಕರೇ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಭಾಗ ಗಾಡಿ ಎಳೆಯುವುದಕ್ಕೆ ಸಿಗುತ್ತದೆ. ಸುಮಾರು ಅಷ್ಟೇ ಶಾಖ ಹೊಗೆಯ ಜತೆ ಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ಎಂಜಿನ್ ಸುತ್ತ ಹರಿಯುವ ನೀರೇ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಮುಚ್ಚಳದಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಇಂದಿನ ಕಾರುಗಳಲ್ಲಿ ಹೊರಗಿನ ಗಾಳಿಗಿಂತ ಸುಮಾರು ಒಂದು ಪಟ್ಟು ಹೆಚ್ಚಿನ ಒತ್ತಡವಿರುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗಲ್ಲ, 120 ಡಿಗ್ರಿ ಸೆಲ್ಷಿಯಸ್ ಹತ್ತಿರ ಕುದಿಯುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಆದ್ದರಿಂದ ಮುಳ್ಳು ಏರಿದಾಗ ಮಾಡಬೇಕಾದದ್ದು ಇಷ್ಟು. ಮೊದಲು ಏ.ಸಿ. ಆರಿಸಿ. ಹೀಟರ್ ಇದ್ದರೆ ಪೂರ್ತಿ ಹಾಕಿ ಕಿಟಕಿ ತೆರೆಯಿರಿ. ಸೆಕೆಗೆ ಬೈದುಕೊಳ್ಳುತ್ತೀರಿ, ಆದರೆ ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರು. ಮುಳ್ಳು ಇಳಿಯದಿದ್ದರೆ, ಕೆಂಪು ದೀಪ ಹತ್ತಿದರೆ ಅಥವಾ ಹಬೆ ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಏರಿನಲ್ಲಾದರೆ ಚಕ್ರಕ್ಕೆ ಕಲ್ಲು ಕೊಡಿ. ಮಕ್ಕಳನ್ನು ದೂರ ನಿಲ್ಲಿಸಿ. ಅರ್ಧ ಗಂಟೆಗೂ ಮೀರಿ ಕಾಯಿರಿ. ಮೇಲಿನ ಹೋಸ್ ಪೈಪು ಮುಟ್ಟಲು ಬರುವಷ್ಟು ತಣ್ಣಗಾಗಿ, ಹಿಚುಕಿದರೆ ಮೆತ್ತಗಾದ ಮೇಲೆ ಮಾತ್ರ ದಪ್ಪ ಬಟ್ಟೆ ಹಾಕಿ ಮುಚ್ಚಳ ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಟ್ಟೀತು. ಒಂದು ವೇಳೆ ಕೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟು, ಶಾಯಿ, ತುಪ್ಪ ಯಾವುದೂ ಬೇಡ.

ಇನ್ನು ರೋಗ ಪತ್ತೆ. ‘ಯಾವಾಗ ನೋವು ಬರುತ್ತೆ?’ ಎಂದು ವೈದ್ಯರು ಕೇಳುವ ಹಾಗೆ, ಯಾವಾಗ ಬಿಸಿಯಾಗುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಬಯಲು ರಸ್ತೆಯಲ್ಲಿ ಓಡುವಾಗ ಸರಿಹೋದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಎಂಜಿನ್ ಚಾಲೂ ಇಟ್ಟು ಏ.ಸಿ. ಹಾಕಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನು ತಿರುಗಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ಮೋಟಾರು ಈ ಕ್ರಮದಲ್ಲಿ ನೋಡಿಸಿ. ಕಡಿಮೆ ಬೆಲೆಯದ್ದು ಮೊದಲು! ಕೈಯನ್ನು ಮಾತ್ರ ಫ್ಯಾನಿನ ಹತ್ತಿರ ಒಯ್ಯಬೇಡಿ. ಎಂಜಿನ್ ಆರಿಸಿದ ಮೇಲೂ ಅದು ತಟ್ಟನೆ ತಿರುಗೀತು.

ಇದಕ್ಕೆ ತದ್ವಿರುದ್ಧವಾಗಿ, ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾದರೆ ನೀರು ಕಡಿಮೆಯಾಗಿದೆ, ರೇಡಿಯೇಟರ್ ಕಟ್ಟಿಕೊಂಡಿದೆ ಇಲ್ಲವೇ ವಾಟರ್ ಪಂಪ್ ಸೋತಿದೆ ಎಂದು ತಿಳಿಯಿರಿ. ಹೊರಮೈಯಲ್ಲಿ ಕೆಸರು, ಸತ್ತ ಹುಳು ತುಂಬಿದ್ದರೆ ತಣ್ಣಗಿರುವಾಗ ಮೆಲ್ಲನೆ ನೀರು ಹಾಯಿಸಿ ತೊಳೆದರೂ ಆದೀತು.

ಬೆಳಿಗ್ಗೆ ಹೊರಟ ಕೆಲವೇ ನಿಮಿಷಕ್ಕೆ ಮುಳ್ಳು ಏರಿ, ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿರಬಹುದು. ಎಂಜಿನ್ ಹದವಾಗಿ ಕಾಯುವವರೆಗೆ ನೀರನ್ನು ತಡೆದು ನಿಲ್ಲಿಸುವ ಪುಟ್ಟ ಬಾಗಿಲು ಅದು. ಬಿಚ್ಚಿ ತೆಗೆದು ಹಳೆಯ ಡಬ್ಬದ ನೀರಿನಲ್ಲಿ ಮುಳುಗಿಸಿ ಕಾಯಿಸಿ. ಅದರ ಮೇಲೆ ಕೆತ್ತಿರುವ ಉಷ್ಣತೆಯ ಆಸುಪಾಸಿನಲ್ಲಿ, ಅಂದರೆ ಸಾಮಾನ್ಯವಾಗಿ 80ರಿಂದ 90 ಡಿಗ್ರಿಯೊಳಗೆ, ಅದು ಬಾಯಿ ತೆರೆಯಬೇಕು. ‘ನಮ್ಮ ಊರಿಗೆ ಇದು ಯಾಕೆ ಸಾರ್, ತೆಗೆದು ಬಿಸಾಕೋಣ’ ಎನ್ನುವವರಿದ್ದಾರೆ. ಒಪ್ಪಬೇಡಿ. ಎಂಜಿನ್ ಸದಾ ಹಸಿಹಸಿಯಾಗಿ ಓಡಿ ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಎಲ್ಲೂ ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದೆಯೇ? ಇದು ಹೆದರಬೇಕಾದ ಲಕ್ಷಣ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ನೊರೆ, ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಕೂಲೆಂಟಿನೊಳಗೆ ಬಿಡದೆ ಏಳುವ ಗುಳ್ಳೆ ಇವುಗಳಲ್ಲಿ ಯಾವುದೇ ಕಂಡರೂ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬ ಅನುಮಾನಕ್ಕೆ ಕಾರಣವಿದೆ. ಗಾಡಿ ಓಡಿಸದೆ ವರ್ಕ್‌ಷಾಪಿಗೆ ಎಳೆಸಿಕೊಂಡು ಹೋಗಿ. ‘ಇನ್ನು ಹತ್ತೇ ಕಿಲೋಮೀಟರ್’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಡೊಂಕಾಗುತ್ತದೆ. ಇನ್ನೊಂದು ಮೋಸವೂ ಉಂಟು. ನೀರೆಲ್ಲ ಖಾಲಿಯಾದರೆ ಅಳೆಯಲು ನೀರೇ ಇಲ್ಲದೆ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಂತೋಷಪಡಬೇಡಿ.

ಕೊನೆಯದಾಗಿ ನೀರಿನ ಮಾತು. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ. ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ದಾರಿಯಲ್ಲಿ ಸಿಕ್ಕ ನೀರು ಆಪತ್ತಿಗಾದೀತು, ಆಮೇಲೆ ಖಾಲಿ ಮಾಡಿಸಿ ಕೂಲೆಂಟ್ ತುಂಬಿಸಿ. ಹಿಮ ಬೀಳದ ನಮ್ಮ ನಾಡಿಗೂ ಅದು ಬೇಕು. ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನು ಏರಿಸುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಕಾರಿನ ಕೈಪಿಡಿ ನೋಡಿ ಕೊಳ್ಳಿ. ಡಬ್ಬವನ್ನು ಮಕ್ಕಳಿಗೆ, ನಾಯಿಗೆ ಸಿಗದಂತೆ ಇಡಿ. ರುಚಿ ಸಿಹಿ, ಆದರೆ ವಿಷ.

ನಮ್ಮ ಅಂಬಾಸಿಡರಿಗೆ ಆಗಿದ್ದೇನು ಅಂತೀರಾ? ಕೀಚ್ ಎನ್ನುತ್ತಿದ್ದುದು ಸಡಿಲವಾದ ಫ್ಯಾನ್ ಬೆಲ್ಟು. ಫ್ಯಾನೂ ವಾಟರ್ ಪಂಪೂ ಅದರಿಂದಲೇ ತಿರುಗಬೇಕು. ಮುಕ್ಕಾಲು ಗಂಟೆ ಕಾದ ಮೇಲೆ ಆ ಲಾರಿ ಚಾಲಕ ಡೈನಮೋದ ಬೋಲ್ಟು ಸಡಿಲಿಸಿ, ಅದನ್ನು ಹೊರಕ್ಕೆ ಎಳೆದು ಬೆಲ್ಟು ಬಿಗಿ ಮಾಡಿ ಮತ್ತೆ ಬೋಲ್ಟು ಮುರಿಗೆ ಹಾಕಿದ. ಐದೇ ನಿಮಿಷದ ಕೆಲಸ. ದುಡ್ಡು ಕೊಡಲು ಹೋದರೆ, ‘ಮೇಲೆ ಅಣ್ಣಪ್ಪಸ್ವಾಮಿ ಗುಡಿ ಇದೆ, ಅಲ್ಲಿ ಹಾಕಿ ಸಾರ್’ ಎಂದು ಲಾರಿ ಹತ್ತಿದ.

ಗುಡಿಯ ಮುಂದೆ ಮಗಳ ಕೈಯಿಂದಲೇ ಕಾಣಿಕೆ ಹಾಕಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ತೋಳು ಮಡಚಿದರೆ ಕಾಣುತ್ತದೆ.