ಕಣ್ಣಿಗೆ ಕಾಣದ ಕನ್ನ

ಕಳ್ಳನು ಗೋಡೆಗೆ ಕನ್ನ ಕೊರೆದು ಅಂಗಡಿಯೊಳಕ್ಕೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಬೀದಿಗೆ ಬೀದಿಯೇ ನೆರೆಯುವುದು. ಪೋಲೀಸಿನವರು ಬರುವರು, ಪಂಚನಾಮೆಯಾಗುವುದು, ನೆರೆಯಂಗಡಿಯವನು ಅಂದೇ ತನ್ನ ಬೀಗವನ್ನು ಬದಲಾಯಿಸುವನು. ಈಗ ನಮ್ಮ ಜಿಲ್ಲೆಯ ವರ್ತಕರಿಗೆ ಬಂದೊದಗಿರುವ ಕನ್ನವು ಈ ಬಗೆಯದಲ್ಲ. ಗೋಡೆ ನೆಟ್ಟಗಿರುವುದು, ಬೀಗ ಹಾಕಿದಂತೆಯೇ ಇರುವುದು. ಬ್ಯಾಂಕಿನ ಖಾತೆಯಲ್ಲಿದ್ದ ಹಣ ಮಾತ್ರ ಇರುವುದಿಲ್ಲ, ಇಲ್ಲವೆ ಕಂಪ್ಯೂಟರಿನಲ್ಲಿಟ್ಟಿದ್ದ ಲೆಕ್ಕವು ಮಾಲೀಕನಿಗೇ ತೆರೆಯದಂತಾಗಿರುವುದು. ಕಳೆದುಕೊಂಡ ವರ್ತಕನು ಬಾಯಿ ಬಿಡುವುದಿಲ್ಲ. ಊರಲ್ಲಿ ಪತ್ತು ಹೋದೀತೆಂಬ ಅಂಜಿಕೆ ಅವನಿಗೆ. ಆದುದರಿಂದ ನೆರೆಯವನಿಗೆ ಸುದ್ದಿಯೇ ತಿಳಿಯದು. ಅವನ ಬೀಗ ಹಳೆಯದಾಗಿಯೇ ಉಳಿಯುವುದು. ಈ ಮೌನವೇ ಕಳ್ಳನ ಬಂಡವಾಳವೆಂಬುದು ನಮ್ಮ ಅಭಿಪ್ರಾಯ.

ಕೇಂದ್ರ ಸರ್ಕಾರದವರು ಲೋಕಸಭೆಯ ಮುಂದಿಟ್ಟ ಲೆಕ್ಕದಂತೆ, ಸೈಬರ್ ವಂಚಕರ ಪಾಲಾದ ಭಾರತೀಯರ ಹಣವು 2023ರಲ್ಲಿ 7,465 ಕೋಟಿ ರೂಪಾಯಿಗಳಿದ್ದುದು 2024ರಲ್ಲಿ 22,845 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು! ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2023ರಲ್ಲಿ ಈ ಬಗೆಯ ಮೊಕದ್ದಮೆಗಳು ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚಾಗಿ ದಾಖಲಾದುದು ನಮ್ಮ ಕರ್ನಾಟಕದಲ್ಲಿಯೇ. ಅವುಗಳ ಸಂಖ್ಯೆ 21,889. ದೂರು ಬಂದಾಗ ಬರೆದುಕೊಳ್ಳುವ ಶ್ರದ್ಧೆಯೂ ಇದಕ್ಕೆ ಕೊಂಚ ಕಾರಣವಾಗಿರಬಹುದು. ಅಷ್ಟರಿಂದಲೇ ಸಮಾಧಾನ ಪಡುವಂತಿಲ್ಲ. ಈ ಹಣದ ದೊಡ್ಡ ಪಾಲು ಮ್ಯಾನ್ಮಾರ್, ಕಾಂಬೋಡಿಯಾ ಮೊದಲಾದ ಕಡೆಗಳಲ್ಲಿ ಬೇರುಬಿಟ್ಟ ತಂಡಗಳ ಕೈ ಸೇರುತ್ತಿರುವುದು. ಉದ್ಯೋಗದ ಆಸೆ ತೋರಿಸಿ ಅಲ್ಲಿಗೆ ಕರೆದೊಯ್ದು, ಸ್ವದೇಶದವರನ್ನೇ ವಂಚಿಸುವ ಜೀತಕ್ಕೆ ಹಚ್ಚಿದ್ದ ಐನೂರಕ್ಕೂ ಮೀರಿದ ಭಾರತೀಯರನ್ನು 2025ರ ಮಾರ್ಚಿಯಲ್ಲಿ ವಾಯುಪಡೆಯ ವಿಮಾನಗಳಲ್ಲಿ ಬಿಡಿಸಿ ತರಬೇಕಾಯಿತು. ಪರದೇಶದ ಅರಿವೆಯ ಮೂಲಕ ನಾಡಿನ ಹಣ ಹರಿದುಹೋಗುತ್ತಿದೆಯೆಂದು ನಮ್ಮ ಹಿರಿಯರು ಮರುಗಿ ಚರಕ ಹಿಡಿದರು. ಅರಿವೆಗೆ ಮೈ ಮುಚ್ಚುವ ಗುಣವಾದರೂ ಇದ್ದಿತು.

"ನಮ್ಮಂಥ ಸಣ್ಣವರ ಮೇಲೆ ಯಾರು ಕಣ್ಣಿಟ್ಟಾರು?" ಎಂಬ ಮಾತು ವರ್ತಕರ ಬಾಯಲ್ಲಿ ಪದೇ ಪದೇ ಕೇಳಿಬರುವುದು. ಇದು ಕೇವಲ ಭ್ರಾಂತಿ. ಈ ಕಳ್ಳರು ಮನೆಯನ್ನು ನೋಡಿ ಬರುವುದಿಲ್ಲ. ಅವರ ಯಂತ್ರಗಳು ಹಗಲಿರುಳೂ ಲೋಕದ ಕದಗಳನ್ನೆಲ್ಲ ತಳ್ಳಿ ನೋಡುತ್ತಿರುವುವು, ತೆರೆದ ಕದದೊಳಕ್ಕೆ ಹೋಗುವುವು. ಭೀಮಸಮುದ್ರದ ಅಡಿಕೆ ಮಂಡಿಯಾಗಲಿ, ಹೊಸದುರ್ಗದ ಕೊಬ್ಬರಿ ವ್ಯಾಪಾರಿಯಾಗಲಿ, ಹೊಳಲ್ಕೆರೆಯ ಗೊಬ್ಬರದಂಗಡಿಯಾಗಲಿ, ಹಿರಿಯೂರಿನ ಲಾರಿ ಮಾಲೀಕನಾಗಲಿ, ಎಲ್ಲರ ಕಿರ್ದಿ ಖಾತೆಗಳೂ ಕೆಂಪು ಬಟ್ಟೆಯ ವಹಿಗಳಿಂದ ಟ್ಯಾಲಿಗೆ ಏರಿ ಬಹಳ ಕಾಲವಾಯಿತು. ಯಾರಿಂದ ಎಷ್ಟು ಬರತಕ್ಕದ್ದು, ಯಾರಿಗೆ ಎಷ್ಟು ಸಲ್ಲತಕ್ಕದ್ದು, ಯಾವ ತೆರಿಗೆ ಕಟ್ಟಿದೆ, ಯಾವುದು ಬಾಕಿ, ಎಲ್ಲವೂ ಒಂದು ಪೆಟ್ಟಿಗೆಯೊಳಗೆ. ಅದಕ್ಕೆ ಹೊರಗಿನವನು ಬೀಗ ಜಡಿದು, ಕೀಲಿಕೈಗೆ ಹಣ ಕೇಳಿದರೆ ಅಡಿಕೆಯ ಸುಗ್ಗಿಯಲ್ಲಿ ಮಂಡಿಯ ಗತಿಯೇನು?

ಲಾರಿಗಳ ವ್ಯವಹಾರ ನಮ್ಮ ಹೆದ್ದಾರಿಯ ಊರುಗಳಿಗೆ ಚೆನ್ನಾಗಿ ತಿಳಿದುದಾದ್ದರಿಂದ ಇಂಗ್ಲೆಂಡಿನ ಒಂದು ಸಂಗತಿಯನ್ನು ವಾಚಕರ ಮುಂದಿಡುವೆವು. ನೈಟ್ಸ್ ಆಫ್ ಓಲ್ಡ್ ಎಂಬ ಸರಕು ಸಾಗಣೆಯ ಮನೆತನವು 1865ರಲ್ಲಿ ಹುಟ್ಟಿದುದು, ಕೆ.ಎನ್.ಪಿ. ಎಂಬ ಕಂಪೆನಿಯ ಅಂಗವಾಗಿ ಸುಮಾರು 500 ಲಾರಿಗಳನ್ನು ಓಡಿಸುತ್ತಿದ್ದಿತು. 2023ರ ಜೂನ್ ತಿಂಗಳಲ್ಲಿ ಕಳ್ಳರು ಅದರ ಕಂಪ್ಯೂಟರುಗಳಿಗೆ ಹೊಕ್ಕು ಲೆಕ್ಕಪತ್ರಗಳನ್ನೆಲ್ಲ ಗೂಢಲಿಪಿಯಾಗಿ ಮಾರ್ಪಡಿಸಿ ಒತ್ತೆಹಣ ಕೇಳಿದರು. ವಿಮೆಯಿದ್ದಿತು, ಲಾರಿಗಳಿದ್ದುವು, ಚಾಲಕರಿದ್ದರು. ಲೆಕ್ಕ ಮಾತ್ರ ಇರಲಿಲ್ಲ. ಮೂರು ತಿಂಗಳಲ್ಲಿ ಕಂಪೆನಿ ಮುಳುಗಿತು; ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. ಒಬ್ಬ ನೌಕರನ ದುರ್ಬಲವಾದ ಪಾಸ್‌ವರ್ಡನ್ನು ಕಳ್ಳರು ಊಹಿಸಿಕೊಂಡರೆಂದು ನಂಬಲಾಗಿರುವುದು. ಆ ನೌಕರನಿಗೆ ಈ ಸಂಗತಿಯನ್ನು ತಾನು ತಿಳಿಸಲೇ ಇಲ್ಲವೆಂದು ಕಂಪೆನಿಯ ನಿರ್ದೇಶಕನು ಆಮೇಲೆ ಹೇಳಿದನು. ಇದನ್ನು ಓದಿದಾಗ ನಮಗೆ ಆ ಎರಡೂ ಜೀವಗಳ ಮೇಲೆ ಕನಿಕರವುಂಟಾಯಿತು.

ಚಿತ್ರದುರ್ಗದವರಿಗೆ ಇದು ಹೊಸ ಪಾಠವಲ್ಲ. ಏಳು ಸುತ್ತಿನ ಕೋಟೆಯ ಹೆಬ್ಬಾಗಿಲುಗಳಿಗೆ ಮಣಿಯದೆ ಹೈದರಾಲಿಯ ದಂಡಿನವರು ಒಬ್ಬೊಬ್ಬರಾಗಿ ನುಸುಳಿ ಬಂದುದು ಒಂದು ಕಿಂಡಿಯಿಂದ. ಅಂಗಡಿಯ ಕಿಂಡಿಗಳಾದರೂ ಬಹುಮಟ್ಟಿಗೆ ನಾವೇ ಬಿಟ್ಟುಕೊಂಡವು. ಮಗನ ಹೆಸರು ಮತ್ತು ಹುಟ್ಟಿದ ಇಸವಿಯೇ ಎಲ್ಲ ಖಾತೆಗಳಿಗೂ ಪಾಸ್‌ವರ್ಡು. ನಾಲ್ಕು ಕಾಸು ಉಳಿಸಲು ಹಾಕಿಸಿದ ಕಳ್ಳಪ್ರತಿಯ ತಂತ್ರಾಂಶ; ಕಳ್ಳಮಾಲಿನೊಡನೆ ಕಳ್ಳನೂ ಬರುವನೆಂಬುದು ಸಂತೆಗೆ ಹೋಗುವವರಿಗೆಲ್ಲ ತಿಳಿದುದೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದು, ರಿಪೇರಿಯಿಲ್ಲದ ಹಂಚಿನ ಮನೆಯಂತೆ ಸೋರುತ್ತಿರುವ ಹಳೆಯ ಕಂಪ್ಯೂಟರು. ಲೆಕ್ಕ ಸರಿಪಡಿಸಲು ಬಂದವನು ಎಂದೋ ಹಾಕಿ ಹೋದ, ದೂರದಿಂದಲೇ ಯಂತ್ರವನ್ನು ನಡೆಸುವ ಎನಿಡೆಸ್ಕ್ ಮುಂತಾದ ಸಾಧನ. ಲಾರಿ ಮಾಲೀಕರ ಮೊಬೈಲಿಗೆ "ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ" ಎಂದು ಬರುವ ಎ.ಪಿ.ಕೆ. ಎಂಬ ಬಾಲವುಳ್ಳ ಕಡತವಂತೂ ಶುದ್ಧ ವಿಷ. ಅದನ್ನು ಒತ್ತಿ ಒಳಕ್ಕೆ ಬಿಟ್ಟುಕೊಂಡರೆ ಬ್ಯಾಂಕಿನಿಂದ ಬರುವ ಓಟಿಪಿಗಳು ಮಾಲೀಕನಿಗಿಂತ ಮೊದಲು ಕಳ್ಳನಿಗೆ ತಲಪುವುವು. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲವೆಂಬ ಸಣ್ಣ ಸಂಗತಿಯನ್ನು ಗಲ್ಲದ ಮೇಲೆ ಕೂರುವ ಹುಡುಗನಿಗೂ ಹೇಳಿಕೊಡತಕ್ಕದ್ದು. 2025ರ ಜುಲೈಯಲ್ಲಿ ಯು.ಪಿ.ಐ. ಲೆಕ್ಕವನ್ನಾಧರಿಸಿ ತೆರಿಗೆ ಇಲಾಖೆಯವರು ಕಳುಹಿಸಿದ ನೋಟೀಸುಗಳಿಂದ ಸಣ್ಣ ವರ್ತಕರು ಎಷ್ಟು ಬೆದರಿದರೆಂಬುದನ್ನು ರಾಜ್ಯವೆಲ್ಲ ನೋಡಿತು. ಅಂಥ ಬೆದರಿಕೆಯೇ ವಂಚಕನಿಗೆ ಅನುಕೂಲ. ನೋಟೀಸು ಬಂದೊಡನೆ ಅದರಲ್ಲಿರುವ ಕೊಂಡಿಯನ್ನು ಒತ್ತದೆ, ಲೆಕ್ಕ ಪರಿಶೋಧಕರಿಗೆ ತೋರಿಸುವುದು ಮೇಲು.

ಇವೆಲ್ಲಕ್ಕಿಂತ ಮುಖ್ಯವಾದುದು ಲೆಕ್ಕದ ಪ್ರತಿ. ಹಿಂದೆ ಗುಮಾಸ್ತೆಯು ಕಿರ್ದಿಯನ್ನು ಬರೆದು, ಖಾತೆಗೆ ಎತ್ತಿ, ವಹಿಯನ್ನು ಮಾಲೀಕನ ಮನೆಗೆ ಒಯ್ದಿಡುತ್ತಿದ್ದನು. ಅಂಗಡಿ ಸುಟ್ಟರೂ ಲೆಕ್ಕ ಉಳಿಯುತ್ತಿದ್ದಿತು. ಈಗ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದು, ಅದನ್ನು ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿರುವರು. ಕಂಪ್ಯೂಟರಿಗೆ ಹೊಕ್ಕ ಕಳ್ಳನು ಸಿಕ್ಕಿಸಿದ್ದನ್ನೂ ಕೆಡಿಸುವನು. ಪ್ರತಿದಿನ ಸಂಜೆ ಪ್ರತಿ ತೆಗೆದು, ಕಿತ್ತು, ಮನೆಗೆ ಒಯ್ಯತಕ್ಕದ್ದು. ಎರಡು ಡ್ರೈವುಗಳನ್ನಿಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸತಕ್ಕದ್ದು. ತಿಂಗಳಿಗೊಮ್ಮೆ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಇದಕ್ಕೆ ತಗಲುವ ವೆಚ್ಚವು ಒಂದು ಮೂಟೆ ಅಡಿಕೆಯ ತರಗಿನ ಬೆಲೆಯಲ್ಲ. ಈಗಾಗಲೇ ಬೀಗ ಬಿದ್ದಿದ್ದರೆ, ಒತ್ತೆಹಣ ಕೊಡುವ ಮುನ್ನ, ಡಚ್ ಪೋಲೀಸರೂ ಯೂರೋಪೋಲ್ ಸಂಸ್ಥೆಯವರೂ ಇತರರೊಡನೆ ಸೇರಿ 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ಎಂಬಲ್ಲಿ ಆ ಬೀಗಕ್ಕೆ ಕೀಲಿಕೈ ದೊರೆಯುವುದೋ ಎಂದು ನೋಡಬೇಕು. ಅಲ್ಲಿ ಹಣ ಕೇಳುವುದಿಲ್ಲ. ನಮ್ಮ ಸರ್ಕಾರದವರು 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಸಾಧನಗಳೂ ಉಚಿತವಾದುವೇ.

ನಮ್ಮ ಕಾರ್ಯಾಲಯವೂ ಈ ಗಂಡಾಂತರಕ್ಕೆ ಹೊರತಾಗಿರಲಿಲ್ಲ. ಮುದ್ರಣದ ಕಾಗದವನ್ನು ಕೊಡುವವರ ಹೆಸರಿನಿಂದ ಒಂದು ಈಮೇಲು ಬಂದಿತು. ಬ್ಯಾಂಕು ಬದಲಾಯಿತೆಂದೂ ಬಾಕಿಯನ್ನು ಹೊಸ ಖಾತೆಗೆ ಕಟ್ಟಬೇಕೆಂದೂ ಬರೆದಿದ್ದಿತು. ಬಾಕಿಯ ಮೊತ್ತ ಪೈಸೆಗೆ ಪೈಸೆ ಸರಿಯಾಗಿದ್ದಿತು. ನಮ್ಮ ಗುಮಾಸ್ತರು ಕಾಗದವನ್ನು ನಂಬದೆ, ಹಳೆಯ ವಹಿಯಲ್ಲಿದ್ದ ಸಂಖ್ಯೆಗೆ ದೂರವಾಣಿ ಮಾಡಿ ಕೇಳಿದರು. ಅವರು ಹಾಗೆ ಬರೆದೇ ಇರಲಿಲ್ಲ! ಕಾಗದದಲ್ಲೇ ಕೊಟ್ಟಿದ್ದ ಸಂಖ್ಯೆಗೆ ಮಾಡಿದ್ದರೆ ಕಳ್ಳನೇ "ಹೌದು" ಎನ್ನುತ್ತಿದ್ದನು. ಉತ್ತರ ದೇಶದ ಖರೀದಿದಾರರೊಡನೆ ಮುಖ ನೋಡದೆ ಲಕ್ಷಗಟ್ಟಲೆ ವ್ಯವಹರಿಸುವ ಅಡಿಕೆ, ಕೊಬ್ಬರಿ ವರ್ತಕರಿಗೆ ಇದು ಮುಖ್ಯ.

ಹಣ ಹೋದುದಾದರೆ ಮಾಡತಕ್ಕದ್ದೇನು? 1930ಕ್ಕೆ ಕೂಡಲೇ ದೂರವಾಣಿ ಮಾಡಬೇಕು, ಆಮೇಲೆ ಬ್ಯಾಂಕಿಗೆ ಬರಹದ ಮೂಲಕ ತಿಳಿಸಬೇಕು. ಕದ್ದ ಹಣವು ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಒಡೆದು ಹೋಗುವ ಮುನ್ನ ತಡೆದರೆ ಸಿಕ್ಕುವುದು. ಗಂಟೆಗಳು ಕಳೆದ ಮೇಲೆ ಕಷ್ಟ. ರಿಸರ್ವ್ ಬ್ಯಾಂಕಿನವರು 2017ರ ಜುಲೈ 6ರ ಸುತ್ತೋಲೆಯಲ್ಲಿ, ತಪ್ಪು ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ಹಣ ಹೋಗಿದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲವೆಂದೂ, ನಾಲ್ಕರಿಂದ ಏಳು ದಿನಗಳೊಳಗಾದರೆ ಸಣ್ಣ ಉದ್ಯಮದ ಚಾಲ್ತಿ ಖಾತೆಗೆ ಹೊಣೆಯು 10,000 ರೂಪಾಯಿಗೆ ಮೀರಕೂಡದೆಂದೂ ವಿಧಿಸಿದರು. ತಾನೇ ಓಟಿಪಿ ಕೊಟ್ಟು ಮೋಸಹೋದವನಿಗೂ, ತಿಳಿಸಿದ ಗಳಿಗೆಯಿಂದಾಚೆಗಿನ ನಷ್ಟವು ಬ್ಯಾಂಕಿಗೇ ಸೇರಿದುದು. ಹೀಗಿರುವಲ್ಲಿ ನಾಚಿಕೆಯಿಂದ ಒಂದು ವಾರ ಸುಮ್ಮನಿದ್ದವನು ತನ್ನ ಕೈಯಿಂದಲೇ ಹಣ ತೆತ್ತಂತಾಗುವುದು.

ವರ್ತಕರಿಗೆ ಇಷ್ಟು ಹೇಳಿದ ಮೇಲೆ ಸರ್ಕಾರಕ್ಕೂ ಹೇಳಬೇಕಾದುದುಂಟು. ಮಾಹಿತಿ ತಂತ್ರಜ್ಞಾನ ಕಾಯಿದೆಯ 78ನೆಯ ಪ್ರಕರಣದಂತೆ ಇನ್ಸ್‌ಪೆಕ್ಟರರಿಗಿಂತ ಕಡಿಮೆ ದರ್ಜೆಯವರು ತನಿಖೆ ನಡೆಸುವಂತಿಲ್ಲ. ಇದಕ್ಕೆಂದೇ ಇರುವ ಠಾಣೆಯು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿರುವುದು. ಹೊಸದುರ್ಗದ ವರ್ತಕನು ಐವತ್ತು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಸವೆಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ ಯಾವ ಠಾಣೆಯವರೇ ಆಗಲಿ ದೂರನ್ನು ಬರೆದುಕೊಳ್ಳತಕ್ಕದ್ದು. "ಚಿತ್ರದುರ್ಗಕ್ಕೆ ಹೋಗಿ" ಎಂದು ತಾಲ್ಲೂಕು ಠಾಣೆಯಲ್ಲಿ ಯಾರೂ ಹೇಳಕೂಡದು. ಇನ್ನೊಂದು ಅನ್ಯಾಯವು ಇದಕ್ಕಿಂತ ದೊಡ್ಡದು. ಕದ್ದ ಹಣದಿಂದ ಯಾರೋ ಸರಕು ಕೊಂಡರೆ, ನ್ಯಾಯವಾಗಿ ಮಾರಿದ ಅಂಗಡಿಯವನ ಖಾತೆಯೆಲ್ಲವನ್ನೂ ದೂರದ ರಾಜ್ಯದ ಪೋಲೀಸರ ಮಾತಿನಂತೆ ತಡೆಹಿಡಿಯುವುದುಂಟು. ಎರಡು ಸಾವಿರ ರೂಪಾಯಿಯ ಸಂದೇಹಕ್ಕಾಗಿ ಎರಡು ಲಕ್ಷ ನಿಲ್ಲುವುದು ಯಾವ ನ್ಯಾಯ? ಸಂದೇಹದ ಮೊತ್ತವನ್ನು ಮಾತ್ರ ತಡೆಯಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು 2023ರಲ್ಲಿಯೇ ಬ್ಯಾಂಕುಗಳಿಗೆ ಹೇಳಿತು. ನಮ್ಮಲ್ಲಿಯೂ ಅದೇ ಪದ್ಧತಿ ನಡೆಯತಕ್ಕದ್ದು.

ಸಹಕಾರಿ ಬ್ಯಾಂಕುಗಳ ಆಡಳಿತದವರು 2024ರ ಜುಲೈ 31ನ್ನು ಮರೆಯದಿರಲಿ. ಸಣ್ಣ ಬ್ಯಾಂಕುಗಳಿಗೆ ಯಂತ್ರಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಒಂದೇ ಕಂಪೆನಿಗೆ ಇಂಥ ಪೆಟ್ಟು ಬಿದ್ದುದರಿಂದ ದೇಶದಲ್ಲಿ ಸುಮಾರು 300 ಬ್ಯಾಂಕುಗಳ ಪಾವತಿ ವ್ಯವಹಾರವನ್ನು ಬೇರ್ಪಡಿಸಬೇಕಾಯಿತು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ವರ್ತಕ ಸಂಘದವರು ತಮ್ಮ ಊರಿನ ಬ್ಯಾಂಕುಗಳ ಮಹಾಸಭೆಗಳಲ್ಲಿ ಈ ಪ್ರಶ್ನೆಯನ್ನು ಎತ್ತಿ ಉತ್ತರವನ್ನು ಪಡೆಯಲಿ. ಮೋಸಹೋದ ವರ್ತಕರು ತಮಗಾದುದನ್ನು ಬರೆದು ಕಳುಹಿಸಿದರೆ ನಾವು ಪ್ರಕಟಿಸುವೆವು. ಕಳ್ಳನು ಯಾವ ದಾರಿಯಿಂದ ಬಂದನೆಂಬುದಷ್ಟೇ ನಮಗೆ ಬೇಕು. ಬರೆದವರ ಹೆಸರೂ ಅಂಗಡಿಯ ಹೆಸರೂ ನಮ್ಮ ಕಾರ್ಯಾಲಯದಿಂದ ಹೊರಕ್ಕೆ ಹೋಗುವುದಿಲ್ಲ.