ಬುತ್ತಿ ಹೊರುವವನಿಗೂ ಬುತ್ತಿ

ಸಿಂಗಪುರದಿಂದ ನ್ಯೂಯಾರ್ಕಿಗೆ ಆಕಾಶಮಾರ್ಗದ ಅತಿ ಹತ್ತಿರದ ದೂರವೇ ಸುಮಾರು 15,300 ಕಿ.ಮೀ. ಭೂಗೋಳದ ಮೇಲೆ ಎರಡು ಊರುಗಳು ಹೆಚ್ಚೆಂದರೆ 20,000 ಕಿ.ಮೀ.ಗಳಷ್ಟು ದೂರವಿರಬಲ್ಲವು. ಅದರ ಮುಕ್ಕಾಲು ಪಾಲನ್ನು ವಿಮಾನವೊಂದು ಎಲ್ಲಿಯೂ ಇಳಿಯದೆ, ಹದಿನೆಂಟು ತಾಸುಗಳ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಇದನ್ನು ಸಾಹಸವೆಂದು ಕೊಂಡಾಡುವವರು ಇಂಧನದ ಲೆಕ್ಕ ಕೇಳುವುದಿಲ್ಲ.

2004ರಲ್ಲಿ ನ್ಯೂಯಾರ್ಕಿನ ನೆರೆಯ ನ್ಯೂವಾರ್ಕಿಗೆ ನಾಲ್ಕು ಎಂಜಿನ್ನುಗಳ ವಿಮಾನದೊಂದಿಗೆ ಆರಂಭವಾದ ಈ ಯಾನವು ಇಂಧನದ ವೆಚ್ಚ ತಾಳಲಾರದೆ 2013ರಲ್ಲಿ ನಿಂತಿತು. 2018ರಲ್ಲಿ ಎರಡು ಎಂಜಿನ್ನುಗಳ ಏರ್‌ಬಸ್ ಎ350 ವಿಮಾನದೊಂದಿಗೆ ಮರಳಿತು. ಅದರ ತೊಟ್ಟಿಗಳ ಸಾಮರ್ಥ್ಯ 1,65,000 ಲೀಟರ್. ಆಸನಗಳು ಕೇವಲ 161. ಅಗ್ಗದ ದರ್ಜೆಯಂತೂ ಇರಲೇ ಇಲ್ಲ!

ಕೊನೆಯ ತಾಸಿನಲ್ಲಿ ಉರಿಯಬೇಕಾದ ಇಂಧನವನ್ನು ಅಲ್ಲಿಯವರೆಗೆ ಹೊತ್ತೊಯ್ಯುವುದಕ್ಕೂ ಇಂಧನವೇ ಬೇಕು. ಬುತ್ತಿ ಹೊರುವ ಆಳಿಗೂ ಬುತ್ತಿ ಕಟ್ಟಿದಂತೆ. ನಡುವೆ ಇಳಿದು ತುಂಬಿಸಿಕೊಂಡರೆ ಈ ಹೊರೆ ಇಳಿಯುತ್ತದೆ. ಆದರೆ ಸಿರಿವಂತರ ಕೆಲವು ತಾಸುಗಳು ಹೋಗುತ್ತವೆ.

ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಮಿಕ್ಕು ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. 1997ರ ಕ್ಯೋಟೋ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ಯಾವ ದೇಶದ ಗುರಿಯೊಳಗೂ ಸೇರಿಸಲಿಲ್ಲ. ಟಿಕೇಟಿನ ಮೇಲೆ ದೂರದ ಜೊತೆಗೆ ತಲಾ ಎಷ್ಟು ಲೀಟರ್ ಉರಿಯಿತೆಂಬುದನ್ನೂ ಮುದ್ರಿಸುವುದು ಕಡ್ಡಾಯವಾಗಲಿ.