ಮಣ್ಣಿನ ಗೋಡೆ ಕಚ್ಚಾ ಎಂದವರಾರು?

2011ರ ಸಾಮಾಜಿಕ-ಆರ್ಥಿಕ ಗಣತಿಯು ಮಣ್ಣಿನ ಗೋಡೆಯನ್ನು ‘ಕಚ್ಚಾ’ ಎಂದು ಬರೆದು, ಬಡತನದ ಲಕ್ಷಣಗಳಲ್ಲಿ ಎಣಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚಿರೆಕಲ್ಲಿನ ಪಾಯದ ಮೇಲೆ, ಅಗಲ ಸೂರಿನಡಿ ತಲೆಮಾರುಗಳ ಮಳೆಗಾಲ ಕಳೆದ ಮನೆಗಳಿಗೆ ಎಂಥ ಬಿರುದು! ‘ಪಕ್ಕಾ’ ತಾರಸಿಯಾದರೋ ಸೋರುತ್ತದೆ; ಅದರ ಮೇಲೆ ಮತ್ತೊಂದು ತಗಡಿನ ಮಾಡು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಮಲೆನಾಡಿಗೆ ಒಲೆಯಿಂದ ಪರಿಚಿತ. ಅದರ ಮಣ್ಣಿನ ಇಟ್ಟಿಗೆಯನ್ನು ಮಾತ್ರ ಮರೆಯಲಾಗಿದೆ. ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿದರೆ ಸಿದ್ಧ. ಸುಡಲು ಬೆಟ್ಟದ ಕಟ್ಟಿಗೆ ಬೇಡ. ಇಲ್ಲಿಯ ಜಿಗುಟು ಕೆಮ್ಮಣ್ಣಿಗೆ ಮರಳನ್ನೋ ಕಲ್ಲುಪುಡಿಯನ್ನೋ ಸೇರಿಸಬೇಕು, ಅಷ್ಟೆ.

ವಸತಿ ಯೋಜನೆಯ ಮನೆಗೆ ಈ ಇಟ್ಟಿಗೆಯೇ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುವವರು ಯಾರು?